ಹನ್ನೊಂದು ಗಂಟೆಯ ಅತಿಥಿ

ನಮ್ಮ ಮನೆಯ ಕಂಪ್ಯೂಟರು ಕೂತಿರುವುದು ಅತ್ತೆಯವರ ಕಾಲದ ಹೊಲಿಗೆ ಯಂತ್ರದ ಮೇಜಿನ ಮೇಲೆ. ಯಂತ್ರ ಎಂದೋ ಮೇಜಿನ ಹೊಟ್ಟೆಯೊಳಗೆ ಮಡಚಿಕೊಂಡು ಮಲಗಿದೆ. ಕೆಳಗಿನ ಕಬ್ಬಿಣದ ಪೆಡಲು ಮಾತ್ರ ಇನ್ನೂ ಎಚ್ಚರವಾಗಿದೆ. ಪರದೆಯ ಮೇಲೆ ಏನಾದರೂ ಅರ್ಥವಾಗದೆ ಹೋದಾಗ ನನ್ನ ಕಾಲು ತನ್ನಷ್ಟಕ್ಕೆ ಅದನ್ನು ತುಳಿಯತೊಡಗುತ್ತದೆ. ಚಕ್ರ ಗರಗರನೆ ತಿರುಗುತ್ತದೆ, ಬಟ್ಟೆಯೂ ಇಲ್ಲ, ದಾರವೂ ಇಲ್ಲ. ಹೋದ ವರ್ಷ ಪರೀಕ್ಷೆಗಳು ಶುರುವಾಗುವ ಮುಂಚಿನ ಒಂದು ತಿಂಗಳು ಆ ಚಕ್ರ ತಿರುಗಿದಷ್ಟು ಅತ್ತೆಯವರು ಊರಿಗೆಲ್ಲ ರವಿಕೆ ಹೊಲಿಯುತ್ತಿದ್ದಾಗಲೂ ತಿರುಗಿರಲಾರದು.

ವಿಷಯ ಇಷ್ಟು. ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿನ ಕಡೆಗೆ ಇಳಿಯುವ ರಸ್ತೆಯಲ್ಲಿ ನಮ್ಮ ಮನೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನೂ ಎದುರು ಮನೆಯ ಪದ್ಮಕ್ಕನೂ ಸೇರಿ ಒಂದು ಸಣ್ಣ ಬಳಗ ಕಟ್ಟಿಕೊಂಡೆವು. ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ; ಪಕ್ಕದಲ್ಲಿ ಕೂತವರು ಅದನ್ನು ಹೇಳಿದಂತೆಯೇ ಬರೆದುಕೊಡಬೇಕು. ಹಾಗೆ ಬರೆದುಕೊಡುವವರನ್ನು ಹುಡುಕಿ ಜೋಡಿಸುವುದು ನಮ್ಮ ಕೆಲಸ. ಪದ್ಮಕ್ಕ, ಇಟ್ಟಮಡು ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನದವರು. ಅವರ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು ಎದ್ದಿವೆ, ಸುತ್ತಲಿನವರ ಫೋನ್ ನಂಬರುಗಳೆಲ್ಲ ಅವರಿಗೆ ಬಾಯಿಪಾಠ. ಅವರು ಫೋನು ಮಾಡುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಕೆಲವು ವರ್ಷ ಹಾಗೇ ನಡೆಯಿತು. ಬರಬರುತ್ತ ಕೇಳುವವರು ಹೆಚ್ಚಾದರು, ಬರೆಯುವವರು ಕಡಿಮೆಯಾದರು. ಒಪ್ಪಿಕೊಂಡವರು ಕಡೇ ಗಳಿಗೆಯಲ್ಲಿ ಕೈಕೊಟ್ಟದ್ದರಿಂದ, ವರ್ಷವಿಡೀ ಓದಿದ್ದನ್ನೆಲ್ಲ ಬಾಯೊಳಗೇ ಇಟ್ಟುಕೊಂಡು ಕಾಲೇಜಿನ ಬಾಗಿಲಿನಿಂದ ಮನೆಗೆ ಮರಳಿದ ಹುಡುಗಿಯೊಬ್ಬಳು ಫೋನಿನಲ್ಲಿ ಅತ್ತದ್ದನ್ನು ಕೇಳಿದ ದಿನವೇ ನಾವು ವೆಬ್‌ಸೈಟ್ ಮಾಡಿಸಬೇಕೆಂದು ನಿಶ್ಚಯಿಸಿದ್ದು.

ಮಾಡಿಕೊಟ್ಟವಳು ಶ್ರೀಲತಾ. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಎರಡು ಮಕ್ಕಳ ತಾಯಿ, ಬಿಟಿಎಂ ಲೇಔಟಿನಲ್ಲಿ ಸಾಮಾನುಗಳನ್ನು ಅಂತರ್ಜಾಲದಲ್ಲಿ ಮಾರುವ ಒಂದು ಕಂಪನಿಯಲ್ಲಿ ಕೆಲಸ. ನೋಡಲು ಅಂದವಾದ ವೆಬ್‌ಸೈಟು. ಮೊದಲ ಪುಟದಲ್ಲಿ ನಮ್ಮ ಬಳಗದ ಚಿತ್ರ, ಫೋನ್ ನಂಬರೆಲ್ಲ ಹೂಬಳ್ಳಿಯ ಅಂಚಿನ ಒಂದು ಪೋಸ್ಟರಿನಲ್ಲಿ, ಎರಡನೆಯದರಲ್ಲಿ ನಿಯಮಗಳು, ಮೂರನೆಯದರಲ್ಲಿ ಒಂದು ಫಾರ್ಮು. ಬರೆದುಕೊಡುವವರೂ ಬರೆಸಿಕೊಳ್ಳಬೇಕಾದವರೂ ಅದೇ ಫಾರ್ಮನ್ನು ತುಂಬಿ, ಕೊನೆಯಲ್ಲಿರುವ ಪುಟ್ಟ ಪೆನ್ಸಿಲಿನ ಚಿತ್ರವನ್ನು ಒತ್ತಿದರೆ ನಮಗೆ ಬಂದು ತಲುಪುತ್ತದೆ. ಆ ಪೆನ್ಸಿಲನ್ನು ಒತ್ತುವವರೇ ಇರಲಿಲ್ಲ ಎನ್ನುವುದು ಬೇರೆ ಮಾತು.

"ಮಿಸ್, ಬರೋರು ಬರ್ತಿದ್ದಾರೆ. ಎಲ್ಲಿ ವಾಪಸ್ ಹೋಗ್ತಿದ್ದಾರೆ ಅಂತ ನೋಡ್ಬೇಕು ಅಷ್ಟೇ," ಎಂದಳು ಶ್ರೀಲತಾ, ಒಂದು ಭಾನುವಾರ ಬಂದು ನನ್ನ ಪಕ್ಕದಲ್ಲಿ ಕೂತು. ಅವಳು ತೆರೆದ ಪುಟದಲ್ಲಿ ಬಣ್ಣಬಣ್ಣದ ಗೆರೆಗಳು ಏರಿಳಿಯುತ್ತಿದ್ದವು. ನಮ್ಮ ವೆಬ್‌ಸೈಟಿಗೆ ಬಂದ ಪ್ರತಿಯೊಬ್ಬರೂ ಯಾವ ಊರಿನವರು, ಫೋನಿನಿಂದ ಬಂದರೋ ಕಂಪ್ಯೂಟರಿನಿಂದಲೋ, ಯಾವ ಪುಟದಲ್ಲಿ ಎಷ್ಟು ಹೊತ್ತು ಇದ್ದರು, ಎಲ್ಲಿಂದ ಎದ್ದು ಹೋದರು, ಎಲ್ಲವೂ ಅಲ್ಲಿ ದಾಖಲು. ಹೆಸರೊಂದನ್ನು ಬಿಟ್ಟು. ಕಾಲಿಟ್ಟ ಕೂಡಲೇ ಹೊರಟುಹೋಗುವವರಿಗೆ 'ಬೌನ್ಸ್' ಎನ್ನುತ್ತಾರಂತೆ. ಕೊನೆಯವರೆಗೂ ಬಂದು ಫಾರ್ಮು ತುಂಬಿ ಕಳಿಸಿದವರು 'ಕನ್ವರ್ಟ್' ಆದರು ಎಂದು ಲೆಕ್ಕವಂತೆ. ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಮನುಷ್ಯ ಪರಿವರ್ತನೆಯಾಗಿಬಿಡುತ್ತಾನೆಯೇ ಎಂದು ನಾನು ಕೇಳಿದೆ. ಅವಳು ನಕ್ಕು, "ನಮ್ ಆಫೀಸಲ್ಲಿ ಅಷ್ಟು ಸಾಕು ಮಿಸ್," ಎಂದಳು.

ಆಮೇಲೆ ಅವಳು ಒಂದು ಚಿತ್ರ ತೋರಿಸಿದಳು: ಮೇಲೆ ಅಗಲ, ಕೆಳಗೆ ಸಪೂರ. "ಇದು ಫನೆಲ್." ನಮ್ಮ ಅಡುಗೆಮನೆಯ ಲಾಳಿಕೆ! ನನಗೆ ಒಳ್ಳೆಯ ಪರಿಚಯವಿರುವ ವಸ್ತುವೊಂದು ಕೊನೆಗೂ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಆ ಖುಷಿ ಒಂದು ನಿಮಿಷವೂ ಬಾಳಲಿಲ್ಲ. ನಮ್ಮ ಲಾಳಿಕೆಯಲ್ಲಿ ಮೇಲೆ ಸುರಿದ ಎಣ್ಣೆಯೆಲ್ಲ ನಿಧಾನವಾಗಿಯಾದರೂ ಕೆಳಗಿನ ಸೀಸೆಗೆ ಇಳಿಯುತ್ತದೆ, ಅದಕ್ಕೇ ಅಲ್ಲವೇ ಅದು ಲಾಳಿಕೆ? ಇವರ ಲಾಳಿಕೆಯಲ್ಲಿ ಮೇಲೆ ಬಿದ್ದವರು ಹಾದಿಯುದ್ದಕ್ಕೂ ಸೋರಿಹೋಗುತ್ತಾರೆ. ಹೀಗೆ ಸೋರುವುದೇ ಲೋಕದ ನಿಯಮ ಎಂದು ಒಪ್ಪಿಕೊಂಡು, ಎಷ್ಟು ಸೋರಿತು ಎಂದು ಅಳೆಯುತ್ತಾರೆ. ಮೊದಲ ಪುಟಕ್ಕೆ ಬಂದವರು ಒಂದು ಮದುವೆ ಮನೆಗೆ ಸಾಲುವಷ್ಟು. ನಿಯಮ ಓದಿದವರು ಒಂದು ಪಂಕ್ತಿ. ಫಾರ್ಮಿನವರೆಗೆ ಬಂದವರು ಬೆರಳೆಣಿಕೆ. ಪೆನ್ಸಿಲು ಒತ್ತಿದವರು ಸೊನ್ನೆ. ಇದಕ್ಕೆ ಜರಡಿ ಎಂಬ ಒಳ್ಳೆಯ ಹೆಸರಿರುವಾಗ ಲಾಳಿಕೆ ಎಂದೇಕೆ ಕರೆಯಬೇಕೋ, ನನಗೆ ಇವತ್ತಿಗೂ ತಿಳಿಯದು.

ಅರ್ಥವಾಗದಿದ್ದರೂ ಚಟ ಹತ್ತಿತು. ಬೆಳಗಿನ ಕೆಲಸವೆಲ್ಲ ಮುಗಿಸಿ ದಿನವೂ ಕಂಪ್ಯೂಟರಿನ ಮುಂದೆ ಕೂತು ಹಿಂದಿನ ದಿನದ ವರದಿ ನೋಡುವುದು, ಫಾರ್ಮು ಸರಿಯಾಗಿ ತೆರೆಯುತ್ತಿದೆಯೇ ಎಂದು ಒಮ್ಮೆ ಪರೀಕ್ಷಿಸುವುದು, ಕಾಲಲ್ಲಿ ಚಕ್ರ ತಿರುಗಿಸುವುದು. ಜೊತೆಗೆ ಒಂದು ಅಳುಕೂ ಇತ್ತೆನ್ನಿ. ಹೀಗೆ ಬರುವವರನ್ನು ಕನ್ನಡದಲ್ಲಿ ಸಂದರ್ಶಕರು ಎನ್ನುತ್ತೇವೆ. ವಿಚಿತ್ರ ಪದ: ಭೇಟಿಗೆ ಬಂದವರೂ ಸಂದರ್ಶಕರೇ, ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವವರೂ ಸಂದರ್ಶಕರೇ. ಈ ಹೊಸ ಲೋಕದಲ್ಲಂತೂ ನೋಡಲು ಬಂದವರೇ ನೋಡಿಸಿಕೊಳ್ಳುವವರು. ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಾತ ನಾವು ಯಾವ ಸೆರಗನ್ನು ಎರಡು ಸಲ ಮುಟ್ಟಿದೆವೆಂದು ಗಮನಿಸುವುದಿಲ್ಲವೇ ಎಂದು ನೀವು ಕೇಳಬಹುದು. ಗಮನಿಸುತ್ತಾನೆ; ಆದರೆ ಅವನು ನೋಡುತ್ತಿರುವುದು ನಮಗೂ ಕಾಣುತ್ತದೆ, ಬೇಕೆಂದರೆ ಹುಬ್ಬು ಗಂಟಿಕ್ಕಿ ಮುಂದೆ ಹೋಗಬಹುದು. ಇಲ್ಲಿ ನಾನು ಮರೆಯಲ್ಲಿ ಕೂತಿದ್ದೆ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವಳಿಗೂ ಈ ಮರೆಯ ನೋಟ ಒಗ್ಗಲಿಲ್ಲ; ಒಗ್ಗದಿದ್ದರೂ ಬಿಡಲಾಗಲಿಲ್ಲ.

ಹಾಗೆ ನೋಡುತ್ತಿರುವಾಗಲೇ ನನಗೆ ಆ ಅತಿಥಿ ಕಂಡದ್ದು. ಬೆಂಗಳೂರಿನವರು. ಕಂಪ್ಯೂಟರಿನಿಂದ ಬರುವವರು. ದಿನವೂ ಬೆಳಗ್ಗೆ ಹನ್ನೊಂದರ ಆಸುಪಾಸಿಗೆ ಬಂದು, ನೇರವಾಗಿ ಫಾರ್ಮಿನ ಪುಟಕ್ಕೆ ಹೋಗಿ, ಅಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ ಇದ್ದು, ಏನನ್ನೂ ಕಳಿಸದೆ ಹೊರಟುಹೋಗುತ್ತಿದ್ದರು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ವಾರವಿಡೀ. ಒಂದು ಕೋಷ್ಟಕದ ಸಾಲಿನಲ್ಲಿ ಯಾರೋ ಕದ ತಟ್ಟಲೆಂದು ಕೈ ಎತ್ತಿ, ತಟ್ಟದೆ ಇಳಿಸುತ್ತಿರುವಂತೆ ನನಗೆ ಕಾಣತೊಡಗಿತು. ಯಾರಿರಬಹುದು? ಮನೆಯಲ್ಲಿ ಒಪ್ಪಿಗೆ ಸಿಗದ ಸೊಸೆಯೇ? ಕೈ ನಡುಗುವ ನಿವೃತ್ತ ಗುಮಾಸ್ತರೇ? ಬೇಕು ಎಂದು ಕೇಳಲು ನಾಚುವ ವಿದ್ಯಾರ್ಥಿಯೇ? ಒಂದೊಂದು ದಿನ ಒಂದೊಂದು ಮುಖ ಕೊಟ್ಟು ನೋಡಿದೆ, ಯಾವುದೂ ಕೂಡಲಿಲ್ಲ. ಶ್ರೀಲತಾಳನ್ನು ಕೇಳಿದರೆ, "ಹೆಸರು ಗೊತ್ತಾಗಲ್ಲ ಮಿಸ್, ಗೊತ್ತಾಗಲೂ ಬಾರದು," ಎಂದಳು. ಅದು ನ್ಯಾಯವೇ. ಆದರೆ ಒಬ್ಬರ ಹಿಂಜರಿಕೆಯನ್ನು ನಿಮಿಷಗಳಲ್ಲಿ ಅಳೆದುಕೊಟ್ಟು, ಅದರ ಕಾರಣವನ್ನು ಮಾತ್ರ ಬಚ್ಚಿಟ್ಟುಕೊಳ್ಳುವ ಈ ಜ್ಞಾನಕ್ಕೆ ಏನೆಂದು ಹೆಸರಿಡಬೇಕು?

ಗೊಂದಲವನ್ನು ಪದ್ಮಕ್ಕನ ಮುಂದೆ ತೋಡಿಕೊಂಡೆ. ಅವರು ಅವರೆಕಾಳು ಹಿದುಕುತ್ತ ಎಲ್ಲವನ್ನೂ ಕೇಳಿ, ತಲೆಯೆತ್ತಿ, "ಅಲ್ಲಾ ಟೀಚರಮ್ಮ, ಬಾಗಿಲಲ್ಲಿ ಯಾರೋ ನಿಂತವ್ರೆ ಅಂತೀರಾ. ಏನ್ ಬೇಕಿತ್ತವ್ವಾ ಅಂತ ಕೇಳದು ಬಿಟ್ಟು ಕಿಟಕೀಲಿ ಇಣುಕ್ತಾ ಕೂತಿದೀರಲ್ಲ!" ಎಂದರು.

ನನಗೆ ನಾಚಿಕೆಯಾಯಿತು. ಅವತ್ತೇ ಶ್ರೀಲತಾಳಿಗೆ ಹೇಳಿ ಫಾರ್ಮಿನ ಮೇಲ್ಗಡೆ, ಚಿತ್ರವಿಲ್ಲ ಅಲಂಕಾರವಿಲ್ಲ, ಬರಿಯ ಅಕ್ಷರಗಳಲ್ಲಿ ಒಂದು ಸಾಲು ಹಾಕಿಸಿದೆ: 'ಇಲ್ಲಿ ಏನಾದರೂ ತೊಡಕಾದರೆ, ಅಥವಾ ಸುಮ್ಮನೆ ಮಾತನಾಡಬೇಕೆನಿಸಿದರೆ, ಫೋನು ಮಾಡಿ.' ಅದರ ಪಕ್ಕದಲ್ಲಿ ನನ್ನ ನಂಬರು.

ಮೂರನೆಯ ದಿನ ಸಂಜೆ ಫೋನು ಬಂತು.

"ಆಂಟಿ, ನಾನು ಚಂದ್ರಿಕಾ ಅಂತ, ಹುಳಿಮಾವಿಂದ. ಬಿಎ ಕೊನೇ ವರ್ಷ. ನಂಗೆ ಕಣ್ಣು ಕಾಣಲ್ಲ," ಎಂದಿತು ಒಂದು ಚುರುಕಾದ ದನಿ. "ನಿಮ್ ವೆಬ್‌ಸೈಟಲ್ಲಿ ಫಾರ್ಮೆಲ್ಲ ತುಂಬಿದೆ ಆಂಟಿ. ಆಮೇಲೆ ಕಳ್ಸೋದು ಹೆಂಗೆ ಅಂತಾನೇ ಗೊತ್ತಾಗ್ಲಿಲ್ಲ. ನನ್ ಫೋನು ಪರದೆ ಮೇಲಿರೋದನ್ನ ಓದಿ ಹೇಳುತ್ತೆ. ಕೊನೇಲಿ ಬಂದು 'ಬಟನ್' ಅಂತ ಅಷ್ಟೇ ಅಂತು. ಏನ್ ಬಟನ್ನು? ಕಳ್ಸೋದಾ, ಅಳ್ಸೋದಾ? ಒತ್ತೋಕೆ ಭಯ ಆಯ್ತು."

ಕಣ್ಣು ಕಾಣದವರಿಗಾಗಿ ಕಟ್ಟಿದ ಮನೆಯ ಬಾಗಿಲಿಗೆ ನಾವು ಚಿತ್ರದ ಚಿಲಕ ಹಾಕಿದ್ದೆವು! ಪೋಸ್ಟರಿನೊಳಗಿದ್ದ ಫೋನ್ ನಂಬರೂ ಚಿತ್ರವೇ; ಅದೂ ಅವಳ ಫೋನಿಗೆ ಓದಲು ಬಂದಿರಲಿಲ್ಲ. ಹೊಸದಾಗಿ ಹಾಕಿಸಿದ ಆ ಬೋಳು ಸಾಲನ್ನು ಮಾತ್ರ ಅದು ಓದಿ ಹೇಳಿತ್ತು.

ಅವಳ ಕಷ್ಟ ಹೀಗಿತ್ತು. ಎರಡು ವರ್ಷ ಅವಳಿಗೆ ಬರೆದುಕೊಡುತ್ತಿದ್ದ ಚಿಕ್ಕಮ್ಮನ ಮಗಳಿಗೆ ಈಗ ಬಾಣಂತನ. ಇತಿಹಾಸದ ಪರೀಕ್ಷೆಗಳಿಗೆ ಉಳಿದಿರುವುದು ಹತ್ತೇ ದಿನ. ಬರೆಯುವವರ ಹೆಸರನ್ನು ಕಾಲೇಜಿಗೆ ಒಂದು ವಾರದೊಳಗೆ ಕೊಡಬೇಕು. "ಸಿಗ್ತಾರಾ ಆಂಟಿ?" ಎಂದಳು. ಸಿಗುತ್ತಾರೆ ಎಂದುಬಿಟ್ಟೆ, ಯಾರು ಎಂದು ನನಗೇ ಗೊತ್ತಿರಲಿಲ್ಲ.

ಶ್ರೀಲತಾಳಿಗೆ ಹೇಳಿದಾಗ ಅವಳು ಫೋನಿನಲ್ಲೇ ತಲೆ ಚಚ್ಚಿಕೊಂಡಳು. "ಛೆ ಮಿಸ್! ಇಷ್ಟು ದಿನ ಗ್ರಾಫ್ ನೋಡ್ತಾ ಕೂತಿದ್ವಲ್ಲ, ಒಂದ್ಸಲ ಕಣ್ಣು ಮುಚ್ಕೊಂಡು ನೋಡ್ಲಿಲ್ಲ." ಅವತ್ತೇ ಪೆನ್ಸಿಲಿಗೆ 'ಫಾರ್ಮು ಕಳಿಸಿ' ಎಂಬ ಹೆಸರು ಬಂತು, ಪೋಸ್ಟರು ಹೋಗಿ ಅಕ್ಷರಗಳು ಬಂದವು. ನನ್ನ ಫೋನಿಗೂ ಓದಿ ಹೇಳುವ ಗುಣವನ್ನು ಹಾಕಿಸಿ, ಕಣ್ಣು ಮುಚ್ಚಿಕೊಂಡು ನಮ್ಮದೇ ವೆಬ್‌ಸೈಟಿನೊಳಗೆ ನಡೆದಾಡಿಸಿದಳು. ಎಲ್ಲಿದ್ದೇನೆ, ಎಷ್ಟು ಬಂದೆ, ಇನ್ನೆಷ್ಟಿದೆ, ಒಂದೂ ತಿಳಿಯದೆ ಎರಡೇ ನಿಮಿಷದಲ್ಲಿ ಬೆವರಿದೆ. ನಾನೂ ಸೋರಿಹೋದೆ ಎನ್ನಿ.

ಹೋಗಲಿ, ಹನ್ನೊಂದು ಗಂಟೆಯ ಅತಿಥಿಯ ಗುಟ್ಟಂತೂ ಬಯಲಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡು ಚಂದ್ರಿಕಾಳಿಗೆ ಫೋನಿನಲ್ಲಿ, "ಪಾಪ, ದಿನಾ ಬಂದು ಎಷ್ಟೊಂದು ಹೊತ್ತು ಒದ್ದಾಡಿದೀಯಲ್ಲಮ್ಮ," ಎಂದೆ. ಅವಳು, "ದಿನಾನಾ? ಇಲ್ಲ ಆಂಟಿ, ನಾನು ಬಂದಿದ್ದು ಎರಡೇ ಸಲ. ಅದೂ ಫೋನಲ್ಲಿ, ಸಂಜೆ ಬಸ್ಸಲ್ಲಿ ಬರ್ತಾ. ನಮ್ಮನೇಲಿ ಕಂಪ್ಯೂಟರ್ ಎಲ್ಲಿದೆ?" ಎಂದಳು.

ಮರುದಿನದ ವರದಿ ತೆರೆದರೆ, ಅತಿಥಿ ಎಂದಿನಂತೆ ಬಂದು ಹೋಗಿದ್ದರು. ಹೆಸರಿಟ್ಟ ಗುಂಡಿಯನ್ನೂ ಒತ್ತದೆ, ನನ್ನ ಸಾಲನ್ನು ಓದಿಯೂ ಫೋನು ಮಾಡದೆ. ಹಾಗಾದರೆ ಇನ್ನೊಬ್ಬರು ಇದ್ದಾರೆ! ನನ್ನ ತಲೆ ಕೆಟ್ಟು ಗೊಜ್ಜಾಯಿತು. ಈ ಮಧ್ಯೆ ಪದ್ಮಕ್ಕ ಫೋನು ಮಾಡಿದವರೆಲ್ಲ ಒಂದೊಂದು ಕಾರಣ ಹೇಳುತ್ತಿದ್ದರು: ಒಬ್ಬರಿಗೆ ಮಗಳ ನಿಶ್ಚಿತಾರ್ಥ, ಒಬ್ಬರಿಗೆ ಕಣ್ಣಿನ ಪೊರೆ, ಗಿರಿನಗರದ ಒಬ್ಬಾಕೆಗೆ ಕನ್ನಡ ಬರೆಯುವ ಅಭ್ಯಾಸವೇ ತಪ್ಪಿದೆ. ಹೆಸರು ಕೊಡಲು ಎರಡೇ ದಿನ ಉಳಿಯಿತು.

ಈ ಕ್ಷಣ ವೆಬ್‌ಸೈಟಿನೊಳಗೆ ಯಾರಿದ್ದಾರೆ ಎಂದು ತೋರಿಸುವ ಪುಟವೂ ಒಂದಿದೆ ಎಂದು ಶ್ರೀಲತಾ ಹೇಳಿಕೊಟ್ಟಿದ್ದು ನೆನಪಾಯಿತು. ಅವತ್ತು ಅದನ್ನೇ ತೆರೆದು ಕಾದು ಕೂತೆ. ಗಡಿಯಾರ ಹನ್ನೊಂದು ದಾಟಿತು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಅಂಕೆ ಮೂಡಿತು: ಒಬ್ಬರು. ಬೆಂಗಳೂರು. ಫಾರ್ಮಿನ ಪುಟ. ಫೋನೆತ್ತಿ ಶ್ರೀಲತಾಳಿಗೆ, "ಬಂದಿದ್ದಾರೆ ಕಣೇ! ಈಗ, ಈ ಗಳಿಗೇಲಿ ಒಳಗಿದ್ದಾರೆ! ಮಾತಾಡ್ಸೋಕೆ ಆಗುತ್ತಾ?" ಎಂದೆ.

ಅವಳು, "ಮಿಸ್, ನಿಮ್ ಕಂಪ್ಯೂಟರಲ್ಲಿ ಪಕ್ಕದಲ್ಲಿ ನಮ್ ಫಾರ್ಮು ತೆಗೆದಿದೀರಾ?" ಎಂದಳು.

"ಹೂಂ. ದಿನಾ ತೆಗೀತೀನಲ್ಲ, ಸರಿಯಾಗಿದೆಯಾ ಅಂತ ನೋಡೋಕೆ."

"ಅದನ್ನ ಮುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಆ ನಂಬರ್ ನೋಡಿ."

ಮುಚ್ಚಿದೆ. ಒಲೆಯ ಮೇಲಿನ ಸಾರು ಇಳಿಸಿ ಬಂದೆ. ಮತ್ತೆ ನೋಡಿದೆ. ಇನ್ನೂ ಒಬ್ಬರು. ಇನ್ನೊಂದು ಸಲ ಹೋಗಿ, ತೊಳೆಯಬೇಕಿಲ್ಲದ ಪಾತ್ರೆಯೊಂದನ್ನು ತೊಳೆದಿಟ್ಟು ಬಂದೆ. ಸೊನ್ನೆ.

"ಸಾರಿ ಮಿಸ್," ಎಂದಳು ಶ್ರೀಲತಾ. "ನಿಮ್ ಕಂಪ್ಯೂಟರನ್ನ ಎಣಿಸಬೇಡ ಅಂತ ಅದಕ್ಕೆ ಮೊದಲೇ ಹೇಳಿಡಬೇಕಿತ್ತು. ಮರೆತೇಬಿಟ್ಟಿದ್ದೆ."

ಅವಳು ನಗುತ್ತಿದ್ದಳು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ಫಾರ್ಮು ಸರಿಯಾಗಿದೆಯೇ ಎಂದು ನೋಡಲು ಇಪ್ಪತ್ತು ನಿಮಿಷ ಬೇಕೇ? ಯಂತ್ರ ತಪ್ಪು ವ್ಯಕ್ತಿಯನ್ನು ಎಣಿಸಿತ್ತು, ಒಪ್ಪುತ್ತೇನೆ. ಎಣಿಕೆ ಮಾತ್ರ ತಪ್ಪಾಗಿರಲಿಲ್ಲ. ದಿನವೂ ಆ ಪುಟ ತೆರೆದಾಗ ನನ್ನ ಕಣ್ಣು ಹೋಗಿ ನಿಲ್ಲುತ್ತಿದ್ದದ್ದು ಒಂದೇ ಕಡೆ: 'ಹಿಂದೆ ಬರೆದುಕೊಟ್ಟ ಅನುಭವವಿದೆಯೇ?' ಎಂಬ ಪ್ರಶ್ನೆಯ ಎದುರಿನ ಖಾಲಿ ಜಾಗದಲ್ಲಿ.

ಅನುಭವವಿತ್ತು. ಬಳಗದ ಮೊದಲ ವರ್ಷ ನಾನೂ ಒಬ್ಬ ವಿದ್ಯಾರ್ಥಿನಿಗೆ ಬರೆದುಕೊಟ್ಟಿದ್ದೆ. ಎಲ್ಲ ಮುಗಿದು ಉತ್ತರಪತ್ರಿಕೆ ಒಪ್ಪಿಸಿ ಹೊರಗೆ ಬಂದ ಮೇಲೆ, ಕೈಯಲ್ಲಿ ಉಳಿದ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ನಾನು ಅದನ್ನು ಅವಳಿಗೆ ಓದಿ ಹೇಳಿಯೇ ಇರಲಿಲ್ಲ. ಅವಳು ನನ್ನ ಕೈ ಹಿಡಿದು, "ಥ್ಯಾಂಕ್ಸ್ ಮೇಡಂ, ತುಂಬಾ ಚೆನ್ನಾಗಾಯ್ತು," ಎಂದಳು. ನಾನು ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಬಸ್ಸು ಹತ್ತಿಸಿ ಮನೆಗೆ ಬಂದುಬಿಟ್ಟೆ. ಅಂದಿನಿಂದ ಊರಿನವರನ್ನೆಲ್ಲ ಬರೆಯಿರಿ ಬರೆಯಿರಿ ಎಂದು ಕಾಡಿದೆನೇ ಹೊರತು ನಾನು ಪೆನ್ನು ಹಿಡಿಯಲಿಲ್ಲ. ನನ್ನ ಕೆಲಸ ಜೋಡಿಸುವುದು ಎಂದುಕೊಂಡೆ. ಎಷ್ಟು ಅನುಕೂಲದ ಮಾತು!

ಆ ಖಾಲಿ ಜಾಗದ ಮುಂದೆ ಮತ್ತೆ ಕೂತೆ. ನಿಜವನ್ನೇ ಬರೆದೆ: 'ಒಮ್ಮೆ ಬರೆದುಕೊಟ್ಟಿದ್ದೇನೆ, ಒಂದು ಪ್ರಶ್ನೆ ಬಿಟ್ಟಿದ್ದೇನೆ.' ಹೆಸರು ಮೀನಾಕ್ಷಿ, ಓದಿದ್ದು ವಿಜ್ಞಾನ, ಬರೆಯುವ ಭಾಷೆ ಕನ್ನಡ. ಪೆನ್ಸಿಲನ್ನು ಒತ್ತಿದೆ. ಮರುಗಳಿಗೆಯಲ್ಲಿ ನನ್ನದೇ ಫಾರ್ಮು ನನ್ನದೇ ಅಂಚೆಪೆಟ್ಟಿಗೆಗೆ ಬಂದು ಬಿತ್ತು. ನಾನು ಕನ್ವರ್ಟ್ ಆದೆನೋ ಇಲ್ಲವೋ ತಿಳಿಯಲಿಲ್ಲ. ಹಳೆಯ ಅಳುಕು ಮಾತ್ರ ಹಾಗೆಯೇ ಇತ್ತು.

ಚಂದ್ರಿಕಾಳಿಗೆ ಫೋನು ಮಾಡಿ, ನಾನೇ ಬರುತ್ತೇನೆ ಎಂದೆ. ಹಿಂದಿನ ಸಂಗತಿಯನ್ನೂ ಮುಚ್ಚಿಡದೆ ಹೇಳಿ, ಬೇಡವೆನಿಸಿದರೆ ಬೇಡ ಎನ್ನಲು ಅವಳಿಗೆ ಹಕ್ಕಿದೆ ಎಂದೂ ಸೇರಿಸಿದೆ. ಅವಳು ಯೋಚಿಸಿದಳು. ಆಮೇಲೆ, "ಹಂಗಾದ್ರೆ ಈ ಸಲ ಪೇಪರ್ ಕೈಗೆ ಬಂದ್ ತಕ್ಷಣ ತಿರುಗ್ಸಿ ನೋಡ್ತೀರಾ ಬಿಡಿ," ಎಂದಳು. "ಆದ್ರೆ ಆಂಟಿ, ಆ ಅಕ್ಕಂಗೆ ಯಾವತ್ತಾದ್ರೂ ಹೇಳ್ಬಿಡಿ. ನಾನಾಗಿದ್ರೆ ಗೊತ್ತಾಗ್ಬೇಕು ಅನ್ಸೋದು."

ಆ ಅಕ್ಕನ ನಂಬರನ್ನು ಪದ್ಮಕ್ಕ ನೆನಪಿನಿಂದಲೇ ಹೇಳಿದರು. ಮೊದಲ ಪರೀಕ್ಷೆಗೆ ಮುಂಚೆಯೇ ಅವಳೊಂದಿಗೆ ಮಾತನಾಡಿದೆ. ಅವಳೀಗ ಮೈಸೂರಿನಲ್ಲಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳಂತೆ. ಪೂರ್ತಿ ಕೇಳಿಸಿಕೊಂಡು, "ಹೌದಾ ಮೇಡಂ," ಎಂದಳು. ಮತ್ತೆ, "ಹೇಳಿದ್ದು ಒಳ್ಳೇದಾಯ್ತು," ಎಂದಳು. ಆ ಎರಡು ಮಾತುಗಳ ನಡುವೆ ಅವಳು ಏನು ಯೋಚಿಸಿದಳೋ ನನಗೆ ಗೊತ್ತಿಲ್ಲ. ಕೋಪವೋ, ಕ್ಷಮೆಯೋ, ಬರಿಯ ಆಶ್ಚರ್ಯವೋ. ಕೇಳುವ ಧೈರ್ಯವಾಗಲಿಲ್ಲ.

ಪರೀಕ್ಷೆ ಜಯನಗರದ ಒಂದು ಕಾಲೇಜಿನಲ್ಲಿ. ನಮ್ಮಿಬ್ಬರಿಗೇ ಪ್ರತ್ಯೇಕವಾಗಿ ಒಂದು ಸಣ್ಣ ಕೊಠಡಿ, ಒಬ್ಬರು ಮೇಲ್ವಿಚಾರಕಿ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಿರುಗಿಸಿ ನೋಡಿ, "ಹಿಂದೇನೂ ಎರಡಿದೆ," ಎಂದೆ. ಚಂದ್ರಿಕಾ ಮುಗುಳ್ನಕ್ಕಳು. ಒಂದೊಂದನ್ನೂ ಎರಡೆರಡು ಸಲ ಓದಿ ಹೇಳಿದೆ. ಅವಳು ಸರಾಗವಾಗಿ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನಾಲ್ಕನೆಯ ಉತ್ತರದ ನಡುವೆ ಅವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

ಪೆನ್ನನ್ನು ಕಾಗದದಿಂದ ಎತ್ತಿ ಹಿಡಿದು ಕಾದೆ. ಫ್ಯಾನಿನ ಸದ್ದು, ಹೊರಗೆ ಯಾರದೋ ಸ್ಕೂಟರು. ಮರೆತಳೇ? ಹೆದರಿದಳೇ? ನಾನು ತಪ್ಪಾಗಿ ಓದಿದೆನೇ? ಬಾಯಿಬಿಟ್ಟು ಒಂದು ಮಾತು ಹೇಳುವ ಹಾಗಿಲ್ಲ; ಹೇಳಿಕೊಟ್ಟಂತಾಗುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳು ಒಂದು ಗಳಿಗೆ ತಡವರಿಸಿದರೂ ಉತ್ತರವನ್ನು ನಾನೇ ಬಾಯಿಗಿಟ್ಟವಳು. ಅವಳ ಮುಖವನ್ನು ನೋಡಿದೆ. ಅದರಲ್ಲಿ ನನಗೆ ಓದಲು ಬರುವಂಥದ್ದು ಏನೂ ಇರಲಿಲ್ಲ. ಗಡಿಯಾರ ನೋಡುವುದನ್ನು ಬಿಟ್ಟೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ನಾನು ಎಣಿಸಲಿಲ್ಲ.

"ಆಂಟಿ," ಎಂದಳು ಕೊನೆಗೆ, ಮೆಲ್ಲಗೆ. "ಮೇಲಿನ ಸಾಲು ಹೊಡೆದ್ಹಾಕಿ. ಬೇರೆ ಥರ ಹೇಳ್ತೀನಿ."

ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಪೆನ್ನನ್ನು ಹೊಸ ಸಾಲಿನ ಮೊದಲಿಗೆ ತಂದಿಟ್ಟು, "ಹೇಳಮ್ಮ," ಎಂದೆ.